ವಿಶೇಷ ಶಿಕ್ಷಣವೂ ಮೊಬೈಲು ಆ್ಯಪುಗಳೂ

ಅಂಗವೈಕಲ್ಯವುಳ್ಳ ಮಕ್ಕಳ ವಿದ್ಯಾಭ್ಯಾಸಕ್ಕೆ ಮೊಬೈಲು ಫೋನಿನ ಆ್ಯಪುಗಳು ದೊಡ್ಡ ಆಸರೆಯೆಂಬ ಮಾತು ಕೆಲವು ವರ್ಷಗಳಿಂದ ಸರ್ಕಾರದ ಪ್ರಕಟಣೆಗಳಲ್ಲಿಯೂ ಸಭೆ ಸಮ್ಮೇಳನಗಳ ಭಾಷಣಗಳಲ್ಲಿಯೂ ಪದೇ ಪದೇ ಕೇಳಿಬರುತ್ತಿದೆ. ಈ ಮಾತಿನಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳುವವರಲ್ಲ. ಆದರೆ ಆ ಆಸರೆಯು ಕನ್ನಡ ಶಾಲೆಯಲ್ಲಿ ಕುಳಿತಿರುವ ಮಗುವಿಗೆ ಎಷ್ಟರ ಮಟ್ಟಿಗೆ ದೊರೆತಿದೆ, ದೊರೆಯದಿದ್ದಲ್ಲಿ ಪ್ರತಿಬಂಧಕವೆಲ್ಲಿದೆ, ಅದನ್ನು ತೊಡೆಯುವ ಹೊಣೆ ಯಾರದು ಎಂಬೀ ಪ್ರಶ್ನೆಗಳನ್ನು ಕೇಳುವವರು ವಿರಳ. ನಾಲ್ಕು ಆ್ಯಪುಗಳ ಹೆಸರನ್ನು ಪಟ್ಟಿ ಮಾಡಿ ಸುತ್ತೋಲೆಯನ್ನು ಕಳುಹಿಸಿದೊಡನೆ ಕರ್ತವ್ಯವು ಮುಗಿಯಿತೆಂದು ಭಾವಿಸುವ ಪದ್ಧತಿಯು ಬೇರೂರುವುದಕ್ಕೆ ಮೊದಲೇ ಈ ವಿಷಯವನ್ನು ನಮ್ಮ ವಾಚಕರ ಮುಂದಿಡುವುದು ಯುಕ್ತವೆಂದು ತೋರಿದೆ.

ಮೊದಲು ಸಂಖ್ಯೆಯನ್ನು ನೋಡೋಣ. 2011ರ ಜನಗಣತಿಯಂತೆ ಭಾರತದಲ್ಲಿ ಅಂಗವೈಕಲ್ಯವುಳ್ಳವರು 2 ಕೋಟಿ 68 ಲಕ್ಷ ಮಂದಿ. ಕರ್ನಾಟಕದಲ್ಲಿ 13 ಲಕ್ಷ 24 ಸಾವಿರ ಮಂದಿ. ಈ ಲೆಕ್ಕವು ಕಡಮೆಯದೆಂದೇ ನಾವು ತಿಳಿಯಬೇಕು. ಆಗ ಜಾರಿಯಲ್ಲಿದ್ದ 1995ರ ಕಾಯಿದೆಯು ಏಳು ವಿಧದ ವೈಕಲ್ಯಗಳನ್ನು ಮಾತ್ರ ಹೆಸರಿಸಿದ್ದಿತು. ಓದು ಬರೆಹಗಳಲ್ಲಿ ಮಾತ್ರ ತೊಡಕುಳ್ಳ, ಮಿಕ್ಕೆಲ್ಲ ವಿಷಯಗಳಲ್ಲಿ ಚುರುಕಾದ ಮಕ್ಕಳಿಗೆ ಗಣತಿಯಲ್ಲಿ ಪ್ರತ್ಯೇಕವಾದ ಕಲಮೇ ಇರಲಿಲ್ಲ. 2016ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿ 2017ರ ಏಪ್ರಿಲಿನಿಂದ ಜಾರಿಗೆ ಬಂದ ಹೊಸ ಕಾಯಿದೆಯು ಇಪ್ಪತ್ತೊಂದು ವಿಧಗಳನ್ನು ಗಣನೆಗೆ ತಂದಿದೆ. ಕಲಿಕೆಯ ನ್ಯೂನತೆಯೂ ಆಟಿಸಮ್ಮೂ ಅದರಲ್ಲಿ ಸೇರಿವೆ. ಹಳೆಯ ಜರಡಿಯಿಂದ ಜಾರಿಹೋಗಿದ್ದ ಮಕ್ಕಳೆಷ್ಟು ಮಂದಿಯೆಂಬುದು ಇನ್ನು ಮುಂದಿನ ಗಣತಿಯಿಂದ ತಿಳಿಯಬೇಕಾಗಿದೆ.

ಇಂತಹ ಮಕ್ಕಳ ವಿದ್ಯಾಭ್ಯಾಸವು ನಮ್ಮ ನಾಡಿಗೆ ಹೊಸ ವಿಷಯವಲ್ಲ. ಮೈಸೂರಿನಲ್ಲಿ 1901ರಷ್ಟು ಹಿಂದೆಯೇ ಅಂಧರಿಗೂ ಕಿವುಡರಿಗೂ ಶಾಲೆಯು ಸ್ಥಾಪಿತವಾಯಿತು. ಅದೇ ಪಟ್ಟಣದಲ್ಲಿ 1965ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಹುಟ್ಟಿತು. ಬೆಂಗಳೂರಿನಲ್ಲಿ ಖಾಸಗಿಯವರ ಉದಾರತೆಯಿಂದಲೂ ಛಲದಿಂದಲೂ ಬೆಳೆದು ನಿಂತಿರುವ ಸಂಸ್ಥೆಗಳು ಹಲವಿವೆ. ಆದರೆ ಇವೆಲ್ಲವೂ ಪಟ್ಟಣವಾಸಿಗಳು. ಹೋಬಳಿಯ ಶಾಲೆಯಲ್ಲಿ ಹಿಂದಿನ ಬೆಂಚಿನ ಮೂಲೆಯಲ್ಲಿ ಕುಳಿತು ವರ್ಷಾಂತ್ಯಕ್ಕೆ ಮೇಲಿನ ತರಗತಿಗೆ ತಳ್ಳಲ್ಪಡುವ ಮಗುವಿಗೆ ಮೈಸೂರೂ ದೂರ, ಬೆಂಗಳೂರೂ ದೂರ. ಅಂತಹ ಮಗುವಿನ ಮನೆಗೆ ಈಗ ತಂದೆಯ ಜೇಬಿನಲ್ಲಿ ಒಂದು ಫೋನು ಬಂದಿದೆ. ಮೊಬೈಲಿನ ಮಹತ್ವವೆಲ್ಲ ಇರುವುದು ಇಲ್ಲಿಯೇ.

ಆ ಫೋನು ಏನನ್ನು ಮಾಡಬಲ್ಲುದೆಂಬುದನ್ನು ಅಂಧ ವಿದ್ಯಾರ್ಥಿಯ ನಿದರ್ಶನದಿಂದ ನೋಡಬಹುದು. ಬ್ರೈಲ್ ಲಿಪಿಯು ಅಂಧರಿಗೆ ಅಕ್ಷರಲೋಕವನ್ನು ತೆರೆದ ಮಹೋಪಕಾರಿ. 1951ರಲ್ಲಿ ಭಾರತೀ ಬ್ರೈಲ್ ಎಂಬ ಏಕರೂಪದ ಕ್ರಮವು ಒಪ್ಪಿಗೆಯಾದ ಮೇಲೆ ಕನ್ನಡಕ್ಕೂ ಅದರಿಂದ ಭದ್ರವಾದ ನೆಲೆ ದೊರೆಯಿತು. ಆದರೆ ಕಣ್ಣುಳ್ಳವನು ಕಂಕುಳಲ್ಲಿ ಇಟ್ಟುಕೊಂಡು ಹೋಗುವ ಒಂದು ಪಠ್ಯಪುಸ್ತಕವು ಬ್ರೈಲಿನಲ್ಲಿ ಹಲವು ದಪ್ಪ ಸಂಪುಟಗಳಾಗುತ್ತದೆ. ಅದನ್ನು ಅಚ್ಚು ಮಾಡಿ ಕಳುಹಿಸುವ ವೇಳೆಗೆ ಶಾಲೆಯ ವರ್ಷದ ಅರ್ಧವು ಕಳೆದಿರುವುದೂ ಉಂಟು. ಫೋನಿನಲ್ಲಾದರೋ, ತೆರೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಏರ್ಪಾಡು ಯಂತ್ರದೊಳಗೇ ಅಡಕವಾಗಿ ಬರುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಅದಕ್ಕೆ ಟಾಕ್‌ಬ್ಯಾಕ್ ಎಂದೂ ಆ್ಯಪಲ್ ಕಂಪೆನಿಯವರ ಫೋನುಗಳಲ್ಲಿ ವಾಯ್ಸ್‌ಓವರ್ ಎಂದೂ ಹೆಸರು. ಇದಕ್ಕೆ ಬೇರೆ ಬೆಲೆ ತೆರಬೇಕಾದುದಿಲ್ಲ. ಕನ್ನಡದಲ್ಲಿ ಮಾತನಾಡಿದರೆ ಅದನ್ನು ಅಕ್ಷರಕ್ಕಿಳಿಸುವ ಸೌಕರ್ಯವು ಗೂಗಲ್ ಕಂಪೆನಿಯವರಿಂದ 2017ರಲ್ಲಿ ದೊರೆಯಿತು. ಕೇಂದ್ರ ಸರ್ಕಾರದವರು 2016ರ ಆಗಸ್ಟಿನಲ್ಲಿ ಸುಗಮ್ಯ ಪುಸ್ತಕಾಲಯವೆಂಬ ಜಾಲಗ್ರಂಥಾಲಯವನ್ನು ತೆರೆದರು. ಮುದ್ರಿತ ಪುಸ್ತಕವನ್ನು ಓದಲಾರದವರಿಗಾಗಿ ಗ್ರಂಥಗಳನ್ನು ಪರಿವರ್ತಿಸುವುದಕ್ಕೆ ಗ್ರಂಥಸ್ವಾಮ್ಯದ ಅಡ್ಡಿಯು ಇರದಂತೆ 2012ರಲ್ಲಿಯೇ ನಮ್ಮ ಕಾಯಿದೆಯು ತಿದ್ದುಪಡಿಯಾಯಿತು. ಅದೇ ಉದ್ದೇಶದ ಮರ‍್ರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲ ರಾಷ್ಟ್ರಗಳಿಗಿಂತ ಮೊದಲು ಸ್ಥಿರೀಕರಿಸಿದ ಕೀರ್ತಿಯೂ ಭಾರತದ್ದೇ. ಇಷ್ಟೆಲ್ಲವೂ ನಡೆದಿರುವುದು ನಿಜ. ಇದಕ್ಕಾಗಿ ದುಡಿದವರು ಅಭಿನಂದನಾರ್ಹರು.

ಹೀಗಿರುವಲ್ಲಿ ಕನ್ನಡ ಬಾಲಕನಿಗೆ ತೊಡಕೇನು? ತೊಡಕು ಯಂತ್ರದಲ್ಲಿಲ್ಲ, ನಾವು ಅದರ ಮುಂದೆ ಇಡುವ ಪುಟದಲ್ಲಿದೆ. ಅಚ್ಚುಮನೆಯ ಕೆಲಸವನ್ನು ಜೀವನೋಪಾಯವಾಗಿ ಉಳ್ಳ ನಾವು ಈ ವಿಷಯವನ್ನು ಒಳಗಿನಿಂದ ಬಲ್ಲೆವಾದ ಕಾರಣ ತುಸು ವಿಸ್ತಾರವಾಗಿ ಹೇಳಲು ಅಪ್ಪಣೆಯನ್ನು ಬೇಡುತ್ತೇವೆ. ಕಂಪ್ಯೂಟರಿನಲ್ಲಿ ಕನ್ನಡವನ್ನು ಜೋಡಿಸುವುದಕ್ಕೆ ಎರಡು ದಾರಿಗಳಿವೆ. ಒಂದು, ಲೋಕದ ಎಲ್ಲ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಶಾಶ್ವತವಾದ ಸಂಖ್ಯೆಯನ್ನು ಗೊತ್ತುಮಾಡಿರುವ ಯೂನಿಕೋಡು; ಅದರಲ್ಲಿ ಕನ್ನಡಕ್ಕೆ 1991ರಿಂದಲೇ ಸ್ಥಾನವಿದೆ. ಮತ್ತೊಂದು, ಅದಕ್ಕಿಂತ ಹಳೆಯ ಉಪಾಯ. ಇದರಲ್ಲಿ ಯಂತ್ರವು ಇಂಗ್ಲಿಷ್ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾದ ಸಂಖ್ಯೆಗಳನ್ನೇ ಬರೆದಿಟ್ಟುಕೊಳ್ಳುತ್ತದೆ; ಮೇಲೆ ಹೊದಿಸಿದ ಫಾಂಟಿನ ದೆಸೆಯಿಂದ ಕಣ್ಣಿಗೆ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಕಣ್ಣುಳ್ಳವನಿಗೆ ಇವೆರಡಕ್ಕೂ ಭೇದವೇ ತಿಳಿಯದು. ಓದಿ ಹೇಳುವ ಯಂತ್ರಕ್ಕೆ ಕಣ್ಣಿಲ್ಲ; ಅದು ಸಂಖ್ಯೆಯನ್ನು ನೋಡುತ್ತದೆ. ಯೂನಿಕೋಡಿನ ಪುಟವನ್ನು ಅದು ಚೆನ್ನಾಗಿ ಓದುತ್ತದೆ. ಹಳೆಯ ಉಪಾಯದ ಪುಟವನ್ನು ಕೊಟ್ಟರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸರಮಾಲೆಯನ್ನು ಗೊಣಗುತ್ತದೆ. ಪುಟವನ್ನು ಛಾಯಾಚಿತ್ರದಂತೆ ಹಿಡಿದು ಜಾಲದಲ್ಲಿ ಏರಿಸಿದ್ದರೆ ಅದನ್ನೂ ಹೇಳದೆ ಸುಮ್ಮನಾಗುತ್ತದೆ.

ಕನ್ನಡದ ಅಕ್ಷರಜೋಡಣೆಯ ಕೆಲಸವು ಇಂದಿಗೂ ಬಹುಮಟ್ಟಿಗೆ ಹಳೆಯ ಉಪಾಯದಲ್ಲಿಯೇ ನಡೆಯುತ್ತಿದೆ. ಜೋಡಣೆಗಾರನಿಗೆ ಕೈ ಪಳಗಿದೆ. ಪುಟ ಕಟ್ಟುವ ಹಳೆಯ ತಂತ್ರಾಂಶಗಳು ಒತ್ತಕ್ಷರಗಳನ್ನು ಸರಿಯಾಗಿ ಕೂರಿಸುವುದು ಆ ಫಾಂಟುಗಳಲ್ಲಿಯೇ. ಅಚ್ಚಾದ ಕಾಗದದಲ್ಲಿ ಏನೂ ವ್ಯತ್ಯಾಸ ತೋರದು. ಆದುದರಿಂದ ಬದಲಾಯಿಸುವ ಅವಸರ ಯಾರಿಗೂ ಇಲ್ಲ. ಪುಸ್ತಕವು ಅಚ್ಚಿಗೆ ಹೋಗುವ ಕಾಲಕ್ಕೆ ಈ ನಿರ್ಲಕ್ಷ್ಯಕ್ಕೆ ಯಾವ ಬೆಲೆಯೂ ಕಾಣುವುದಿಲ್ಲ. ಆ ಬೆಲೆಯನ್ನು ತೆರುವವನು ಆಮೇಲೆ ಅದನ್ನು ಕೇಳಲು ಕುಳಿತ ಅಂಧ ಬಾಲಕ. ಇದರಲ್ಲಿ ವಿಪರ್ಯಾಸವೊಂದುಂಟು. ಇಂಗ್ಲಿಷಿನಲ್ಲಿ ಬರೆಯುವುದು ಒಂದು, ಉಚ್ಚರಿಸುವುದು ಮತ್ತೊಂದು; ಯಂತ್ರಕ್ಕೆ ಆ ಭಾಷೆಯನ್ನು ಓದಲು ಕಲಿಸುವುದು ಪ್ರಯಾಸದ ಕೆಲಸವಾಗಿದ್ದಿತು. ಕನ್ನಡವಾದರೋ ಬರೆದಂತೆಯೇ ಓದುವ ಭಾಷೆ. ಯಂತ್ರಕ್ಕೆ ಓದಲು ನಮ್ಮ ಭಾಷೆಗಿಂತ ಸುಲಭವಾದದ್ದು ಕೆಲವೇ ಇರಬಹುದು. ಅಂತಹ ಭಾಷೆಯ ಮಕ್ಕಳೇ ಪುಸ್ತಕವಿಲ್ಲದೆ ಕುಳಿತಿರುವರೆಂದರೆ ದೋಷವನ್ನು ವಿಧಿಯ ಮೇಲೆ ಹೊರಿಸಲಾಗದು.

ಇದಕ್ಕೆ ಪರಿಹಾರವು ದುಬಾರಿಯದೂ ಅಲ್ಲ, ದೂರದ್ದೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಎ. ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯದವರು ಅಚ್ಚಾದ ಕನ್ನಡ ಪುಟದ ಚಿತ್ರವನ್ನು ನೋಡಿ ಅಕ್ಷರವನ್ನು ಗುರುತಿಸಿ ಯೂನಿಕೋಡಿಗೆ ಇಳಿಸುವ ಲಿಪಿಜ್ಞಾನಿಯೆಂಬ ತಂತ್ರಾಂಶವನ್ನು ಸಿದ್ಧಪಡಿಸಿದ್ದಾರೆ. ಹಳೆಯ ಪುಸ್ತಕಗಳಿಗೆ ಇಂತಹುದೇ ಮದ್ದು. ಹೊಸ ಪುಸ್ತಕಗಳಿಗೆ ಮದ್ದೇ ಬೇಡ; ಮೊದಲಿನಿಂದಲೇ ಯೂನಿಕೋಡಿನಲ್ಲಿ ಜೋಡಿಸಿದರಾಯಿತು. ಪಠ್ಯಪುಸ್ತಕಗಳ ಮುದ್ರಣದ ಟೆಂಡರಿನಲ್ಲಿ ಕಾಗದದ ತೂಕವೆಷ್ಟು, ರಟ್ಟು ಎಂತಹುದು ಎಂದು ಸಾಲು ಸಾಲಾಗಿ ಷರತ್ತುಗಳನ್ನು ಬರೆಯುವ ಅಧಿಕಾರಿಗಳು, ಪ್ರತಿಯೊಂದು ಪುಸ್ತಕದ ಯಂತ್ರವು ಓದಬಲ್ಲ ಪ್ರತಿಯನ್ನು ಶಾಲೆ ತೆರೆಯುವ ದಿನಕ್ಕೆ ಮೊದಲು ಒಪ್ಪಿಸತಕ್ಕದ್ದು ಎಂಬ ಇನ್ನೊಂದು ಸಾಲನ್ನು ಸೇರಿಸಲು ಏನು ಅಡ್ಡಿ? ಚಿತ್ರಗಳಿಗೂ ನಕ್ಷೆಗಳಿಗೂ ಮಾತಿನಲ್ಲಿ ವಿವರಣೆಯನ್ನು ಸೇರಿಸುವುದು ಇದಕ್ಕಿಂತ ಶ್ರಮದ ಕೆಲಸ. ಅದಕ್ಕೆ ವಿಷಯತಜ್ಞರ ನೆರವು ಬೇಕು, ಹಣವೂ ಬೇಕು. ಅದು ಹಂತಹಂತವಾಗಿ ಆಗಲಿ. ಆದರೆ ಗದ್ಯಪಾಠವನ್ನೂ ಪದ್ಯಪಾಠವನ್ನೂ ಕೇಳುವ ಸೌಕರ್ಯಕ್ಕೆ ಒಂದು ವರ್ಷದ ವಿಳಂಬಕ್ಕೂ ಕಾರಣವಿಲ್ಲ.

ಎರಡನೆಯ ನಿದರ್ಶನವು ಮಾತು ಬಾರದ ಮಕ್ಕಳದು. ಆಟಿಸಮ್ಮಿನಿಂದಲೋ ಸೆರೆಬ್ರಲ್ ಪಾಲ್ಸಿಯಿಂದಲೋ ಬುದ್ಧಿಯಿದ್ದರೂ ನಾಲಗೆ ಹೊರಳದ ಮಕ್ಕಳು ಪ್ರತಿಯೊಂದು ತಾಲ್ಲೂಕಿನಲ್ಲಿಯೂ ಇದ್ದಾರೆ. ಇಂತಹ ಮಗುವಿನ ಕೈಗೆ ಚಿತ್ರಗಳನ್ನು ಕೊಟ್ಟು, ಚಿತ್ರವನ್ನು ತೋರಿಸಿ ಬೇಕಾದುದನ್ನು ಕೇಳುವಂತೆ ಕಲಿಸುವ ಕ್ರಮವು ಫೋನಿಗಿಂತ ಹಳೆಯದು. ಅಮೆರಿಕದಲ್ಲಿ 1985ರ ಹೊತ್ತಿಗೇ ಚಿತ್ರವಿನಿಮಯದ ಪದ್ಧತಿಯೊಂದು ರೂಪುಗೊಂಡಿತ್ತು. ಫೋನು ಬಂದ ಮೇಲೆ ಮಗು ಚಿತ್ರವನ್ನು ಒತ್ತಿದರೆ ಯಂತ್ರವೇ ಅದರ ಪರವಾಗಿ ಮಾತನಾಡುವಂತಾಯಿತು. ನಮ್ಮ ದೇಶದವರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಚೆನ್ನೈ ನಗರದಲ್ಲಿ ಅಜಿತ್ ನಾರಾಯಣನ್ ಎಂಬ ಯಂತ್ರಶಾಸ್ತ್ರಜ್ಞರು ಆವಾಜ್ ಎಂಬ ಸಾಧನವನ್ನು ನಿರ್ಮಿಸಿದರು. ಅದು ಮುಂದೆ ಆ್ಯಪಿನ ರೂಪವನ್ನು ತಾಳಿ ವಿದೇಶಗಳಲ್ಲಿಯೂ ಬಳಕೆಗೆ ಬಂದಿತು. ಮುಂಬಯಿಯ ಐ. ಐ. ಟಿ.ಯವರು ಜೆಲ್ಲೊ ಎಂಬುದನ್ನು ಭಾರತೀಯ ಭಾಷೆಗಳಿಗಾಗಿ ಉಚಿತವಾಗಿ ಒದಗಿಸಿದ್ದಾರೆ. ಹೆತ್ತ ತಾಯಿಗೆ ಆರೇಳು ವರ್ಷ ಅಳುವೊಂದರಿಂದಲೇ ಎಲ್ಲವನ್ನೂ ತಿಳಿಸುತ್ತಿದ್ದ ಮಗು, ಒಂದು ದಿನ ಗುಂಡಿಯನ್ನೊತ್ತಿ ತನಗೆ ತಲೆನೋವೆಂದು ಹೇಳುವಂತಾದರೆ ಆ ಮನೆಯಲ್ಲಿ ಆಗುವ ಬದಲಾವಣೆಯನ್ನು ಯಾವ ವರದಿಯೂ ಅಳೆಯಲಾರದು.

ಆದರೆ ಇಲ್ಲಿಯೂ ಕನ್ನಡದ ಪ್ರಶ್ನೆಯು ಎದುರಾಗುತ್ತದೆ. ಇಂಗ್ಲಿಷಿನಲ್ಲಿ ನಾನು, ಬೇಕು, ನೀರು ಎಂಬ ಅರ್ಥದ ಮೂರು ಚಿತ್ರಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟರೆ ಶುದ್ಧವಾದ ವಾಕ್ಯವೇ ಆಗುತ್ತದೆ. ಆ ಚಿತ್ರಗಳಿಗೆ ಕನ್ನಡದ ಶಬ್ದಗಳನ್ನು ಅಂಟಿಸಿದರೆ ಯಂತ್ರವು ನುಡಿಯುವುದು “ನಾನು ಬೇಕು ನೀರು” ಎಂದು. ಕನ್ನಡದ ಕೂಸು ಹೇಳಬೇಕಾದುದು “ನನಗೆ ನೀರು ಬೇಕು” ಎಂದಲ್ಲವೆ? ನಮ್ಮ ಭಾಷೆಯ ಜೀವವಿರುವುದು ವಿಭಕ್ತಿಯಲ್ಲಿ, ಕ್ರಿಯಾಪದದ ಕೊನೆಯ ಪ್ರತ್ಯಯದಲ್ಲಿ. ಶಾಲೆಯ ಚಿತ್ರವು ಶಾಲೆಗೆ ಎಂದೂ ಶಾಲೆಯಲ್ಲಿ ಎಂದೂ ಶಾಲೆಯಿಂದ ಎಂದೂ ಆಗುವುದು ಹೇಗೆಂಬುದನ್ನು ಕನ್ನಡ ವ್ಯಾಕರಣವನ್ನು ಬಲ್ಲವರು ಕುಳಿತು ಯೋಚಿಸಿ ಆ್ಯಪಿನೊಳಗೆ ಅಳವಡಿಸಬೇಕು. ಅನುವಾದದಿಂದ ಅದು ಆಗತಕ್ಕದ್ದಲ್ಲ. ಇನ್ನೊಂದು ಕಡೆ, ಮಗುವಿಗೆ ಯಂತ್ರವು ಗ್ರಾಂಥಿಕ ಭಾಷೆಯನ್ನು ಕೊಟ್ಟುಬಿಡುತ್ತದೆ. “ನಾನು ಊಟವನ್ನು ಮಾಡಲು ಇಚ್ಛಿಸುತ್ತೇನೆ” ಎಂದು ಫೋನು ನುಡಿದರೆ ಅಣ್ಣತಮ್ಮಂದಿರು ನಗದೆ ಇರುವರೆ? (ಸಂಪಾದಕೀಯವನ್ನು ಬರೆಯುವವರಿಗೆ ಒಪ್ಪುವ ಭಾಷೆಯು ಎಂಟು ವರ್ಷದ ಹುಡುಗನಿಗೆ ಒಪ್ಪುವುದಿಲ್ಲವೆಂಬುದನ್ನು ನಾವೂ ಬಲ್ಲೆವು.) ಧಾರವಾಡದ ಮಗುವಿಗೆ ಧಾರವಾಡದ ಮಾತು, ಕುಂದಾಪುರದ ಮಗುವಿಗೆ ಅಲ್ಲಿನ ಮಾತು ಬೇಕು. ಚಿತ್ರಗಳೂ ಹಾಗೆಯೇ: ಪರದೇಶದಲ್ಲಿ ಹುಟ್ಟಿದ ಚಿತ್ರಕೋಶದಲ್ಲಿ ಪಿಜ್ಜಾ ಉಂಟು, ಮುದ್ದೆಯೂ ಜೋಳದ ರೊಟ್ಟಿಯೂ ಇಲ್ಲ. ಇದನ್ನು ಸೇರಿಸಲು ಬರುವುದಿಲ್ಲವೆಂದಲ್ಲ. ಮನೆಯ ತಟ್ಟೆಯ ಚಿತ್ರವನ್ನೇ ತೆಗೆದು ಸೇರಿಸಬಹುದಾದ ಆ್ಯಪುಗಳಿವೆ. ಆದರೆ ಸೇರಿಸುವವರು ಯಾರು?

ಪ್ರಶ್ನೆಯು ಇಲ್ಲಿ ಉಪಾಧ್ಯಾಯರ ಬಳಿಗೆ ಬಂದು ನಿಲ್ಲುತ್ತದೆ. ಆ್ಯಪನ್ನು ಇಳಿಸಿಕೊಳ್ಳುವುದು ಒಂದು ನಿಮಿಷದ ಕೆಲಸ. ಅದರ ಚಿತ್ರಗಳನ್ನು ಆ ಒಂದು ಮಗುವಿಗೆ ತಕ್ಕಂತೆ ಆರಿಸಿ, ಎರಡರಿಂದ ನಾಲ್ಕಕ್ಕೆ, ನಾಲ್ಕರಿಂದ ಎಂಟಕ್ಕೆ ಬೆಳೆಸಿ, ತಾಯಿಗೂ ತರಗತಿಯ ಮಾಸ್ತರಿಗೂ ಅದನ್ನು ಬಳಸುವ ಬಗೆಯನ್ನು ಕಲಿಸುವುದು ತಿಂಗಳುಗಳ ಕೆಲಸ, ತರಬೇತಾದವರ ಕೆಲಸ. ಸುಪ್ರೀಂ ಕೋರ್ಟು 2021ರ ಅಕ್ಟೋಬರಿನಲ್ಲಿ ರಜನೀಶ್ ಕುಮಾರ್ ಪಾಂಡೆಯವರ ಮೊಕದ್ದಮೆಯಲ್ಲಿ ಇಂತಹ ವಿಶೇಷ ಶಿಕ್ಷಕರ ಪ್ರಮಾಣವನ್ನು ವಿಧಿಸಬೇಕೆಂದು ಆಜ್ಞೆ ಮಾಡಿತು. ಕೆಳಗಿನ ತರಗತಿಗಳಲ್ಲಿ ಹತ್ತು ಮಕ್ಕಳಿಗೊಬ್ಬರು, ಅದರ ಮೇಲೆ ಹದಿನೈದು ಮಕ್ಕಳಿಗೊಬ್ಬರು ಎಂಬ ಪ್ರಮಾಣವೂ ಗೊತ್ತಾಯಿತು. ಅಷ್ಟಾಗಿಯೂ 2025ರ ಮಾರ್ಚಿನಲ್ಲಿ ಅದೇ ನ್ಯಾಯಾಲಯವು ಎಲ್ಲ ಸಂಸ್ಥಾನಗಳಿಗೂ ವಿಶೇಷ ಶಿಕ್ಷಕರ ಹುದ್ದೆಗಳನ್ನು ಮಂಜೂರು ಮಾಡಿ ಪ್ರಕಟಿಸಬೇಕೆಂದು ಮತ್ತೆ ಹೇಳಬೇಕಾಗಿ ಬಂದಿತು. ಮೂರೂವರೆ ವರ್ಷ ಕಳೆದರೂ ಹುದ್ದೆಯ ಸಂಖ್ಯೆಯನ್ನೇ ಗೊತ್ತುಮಾಡದ ಸಂಸ್ಥಾನಗಳಿದ್ದವೆಂಬುದು ಇದರಿಂದ ವ್ಯಕ್ತವಾಗುತ್ತದೆ. ನಮ್ಮಲ್ಲಿ ತಾಲ್ಲೂಕಿಗೆ ಬೆರಳೆಣಿಕೆಯ ಸಂಪನ್ಮೂಲ ಶಿಕ್ಷಕರು ಊರಿಂದೂರಿಗೆ ತಿರುಗುತ್ತ, ಶಾಲೆಗೆ ಬರಲಾರದ ಮಕ್ಕಳ ಮನೆಬಾಗಿಲಿಗೂ ಹೋಗುತ್ತ ಮಾಡುತ್ತಿರುವ ಸೇವೆಯನ್ನು ನಾವು ಕಡೆಗಣಿಸುವವರಲ್ಲ. ಅವರ ಶ್ರಮವನ್ನು ಕಂಡೇ ಅವರ ಸಂಖ್ಯೆಯು ಸಾಲದೆನ್ನುತ್ತೇವೆ.

ಶಿಕ್ಷಕರಿಲ್ಲದೆ ಆ್ಯಪು ಮಾತ್ರ ಇದ್ದರೆ ಆಗುವುದೇನೆಂಬುದಕ್ಕೆ ನಿದರ್ಶನವನ್ನು ಹುಡುಕಿಕೊಂಡು ಹೋಗಬೇಕಾದುದಿಲ್ಲ. 2020ರ ಮಾರ್ಚಿನಲ್ಲಿ ಕೋವಿಡಿನ ನಿಮಿತ್ತ ಶಾಲೆಗಳು ಮುಚ್ಚಿದಾಗ ಪಾಠವೆಲ್ಲವೂ ಫೋನಿಗೆ ಹೋಯಿತು. ಅದೇ ವರ್ಷ ಅಜೀಂ ಪ್ರೇಮ್‌ಜಿ ಸಂಸ್ಥೆಯವರು ಕರ್ನಾಟಕವೂ ಸೇರಿ ಐದು ಸಂಸ್ಥಾನಗಳ ಸರ್ಕಾರಿ ಶಾಲೆಗಳಲ್ಲಿ ನಡೆಸಿದ ವಿಚಾರಣೆಯಲ್ಲಿ, ತಮ್ಮ ತರಗತಿಯಲ್ಲಿ ಅಂಗವೈಕಲ್ಯವುಳ್ಳ ಮಕ್ಕಳಿದ್ದ ಉಪಾಧ್ಯಾಯರ ಪೈಕಿ ನೂರಕ್ಕೆ ತೊಂಬತ್ತು ಮಂದಿ ಆ ಮಕ್ಕಳು ಫೋನಿನ ಪಾಠದಲ್ಲಿ ಪಾಲುಗೊಳ್ಳಲಾರದವರಾಗಿದ್ದರೆಂದು ತಿಳಿಸಿದರು. ಫೋನು ಇದ್ದ ಮನೆಗಳೂ ಅದರಲ್ಲಿದ್ದವು. ಯುನೆಸ್ಕೊ ಸಂಸ್ಥೆಯವರು ಶಿಕ್ಷಣದಲ್ಲಿ ತಂತ್ರಜ್ಞಾನವೆಂಬ ವಿಷಯವಾಗಿ 2023ರಲ್ಲಿ ಹೊರಡಿಸಿದ ವರದಿಯೂ ಅಂಗವೈಕಲ್ಯವುಳ್ಳವರಿಗೆ ತಂತ್ರಜ್ಞಾನವು ಉಪಕಾರಿಯೆಂಬುದನ್ನು ಒಪ್ಪಿಯೇ, ಉಪಾಧ್ಯಾಯರ ಸ್ಥಾನವನ್ನು ಅದು ತುಂಬಲಾರದೆಂದು ಎಚ್ಚರಿಸಿದೆ.

ಈ ಪ್ರಸಂಗದಲ್ಲಿ ಪ್ರಶಸ್ತ್ ಎಂಬ ಆ್ಯಪಿನ ಮಾತನ್ನೂ ಹೇಳಬೇಕು. ಎನ್. ಸಿ. ಇ. ಆರ್. ಟಿ.ಯವರು ಸಿದ್ಧಪಡಿಸಿದ ಇದು 2022ರಲ್ಲಿ ಬಳಕೆಗೆ ಬಂದಿತು. ಕಾಯಿದೆಯು ಹೆಸರಿಸಿರುವ ಇಪ್ಪತ್ತೊಂದು ವೈಕಲ್ಯಗಳ ಲಕ್ಷಣಗಳು ಮಗುವಿನಲ್ಲಿ ಉಂಟೇ ಎಂಬುದನ್ನು ಮೊದಲು ತರಗತಿಯ ಉಪಾಧ್ಯಾಯರೂ ಆ ಮೇಲೆ ವಿಶೇಷ ಶಿಕ್ಷಕರೂ ಪ್ರಶ್ನಾವಳಿಯ ಮೂಲಕ ಗುರುತಿಸುವುದು ಇದರ ಉದ್ದೇಶ. ಉದ್ದೇಶವು ಸ್ತುತ್ಯವಾದುದು, ಎಷ್ಟೋ ಮಕ್ಕಳಿಗೆ ಕಣ್ಣು ಮಂಜು, ಕಿವಿ ಮಂದ ಎಂಬುದೇ ತಿಳಿಯದೆ ದಡ್ಡರೆಂಬ ಬಿರುದು ಅಂಟಿಕೊಳ್ಳುತ್ತದೆ. ಆದರೆ ಇದು ಪರೀಕ್ಷೆಯೇ ಹೊರತು ಚಿಕಿತ್ಸೆಯಲ್ಲ, ವೈದ್ಯರ ಪ್ರಮಾಣಪತ್ರವೂ ಅಲ್ಲ. ಗುರುತಿಸಿದ ಮೇಲೆ ಜಿಲ್ಲೆಯ ಆಸ್ಪತ್ರೆಯಲ್ಲಿ ತಜ್ಞರ ಮುಂದೆ ಕೂರಿಸಿ, ಶಾಲೆಗೆ ಶಿಕ್ಷಕರನ್ನು ಕೊಟ್ಟು, ಸಾಧನವನ್ನು ಒದಗಿಸುವ ಸರಪಣಿಯು ಪೂರ್ತಿಯಾಗದಿದ್ದರೆ ಮಗುವಿಗೆ ದೊರೆಯುವುದು ದಡ್ಡನೆಂಬುದಕ್ಕೆ ಬದಲಾಗಿ ಇನ್ನೊಂದು ಹೆಸರು ಮಾತ್ರ. ಎಷ್ಟು ಮಕ್ಕಳನ್ನು ಪರೀಕ್ಷಿಸಿದೆವೆಂಬ ಲೆಕ್ಕದ ಜೊತೆಗೆ, ಹಾಗೆ ಗುರುತಿಸಿದವರ ಪೈಕಿ ಆರು ತಿಂಗಳೊಳಗೆ ಎಷ್ಟು ಮಂದಿಗೆ ಏನು ದೊರೆಯಿತೆಂಬ ಲೆಕ್ಕವನ್ನೂ ಇಲಾಖೆಯವರು ಜಿಲ್ಲಾವಾರು ಪ್ರಕಟಿಸಬೇಕೆಂದು ಸೂಚಿಸುತ್ತೇವೆ.

ಕಿವುಡ ಮಕ್ಕಳ ವಿಷಯದಲ್ಲಿ ಒಂದು ಸಾಮಾನ್ಯವಾದ ತಪ್ಪು ತಿಳಿವಳಿಕೆಯುಂಟು: ಮಾತನ್ನು ಅಕ್ಷರವಾಗಿ ತೋರಿಸುವ ಆ್ಯಪು ಬಂದಿರುವಾಗ ಇನ್ನೇನು ಬೇಕೆಂದು. ಓದಲು ಬಲ್ಲವನಿಗೆ ಅಕ್ಷರದಿಂದ ಪ್ರಯೋಜನ. ಹುಟ್ಟು ಕಿವುಡ ಮಗುವಿಗೆ ಕನ್ನಡದ ಅಕ್ಷರವೇ ಎರಡನೆಯ ಭಾಷೆಯಂತೆ. ಅದರ ಸಹಜ ಭಾಷೆಯು ಕೈಯದು. 2015ರಲ್ಲಿ ಸ್ಥಾಪಿತವಾದ ಭಾರತೀಯ ಸಂಜ್ಞಾಭಾಷೆಯ ಕೇಂದ್ರದವರು 2018ರಲ್ಲಿ 3,000 ಶಬ್ದಗಳ ಕೋಶವನ್ನು ಪ್ರಕಟಿಸಿ, ಅದನ್ನು 10,000ಕ್ಕೆ ಬೆಳೆಸಿ, 2022ರಲ್ಲಿ ಸೈನ್ ಲರ್ನ್ ಎಂಬ ಆ್ಯಪಿನಲ್ಲಿ ಕೊಟ್ಟರು. ಇದು ಶ್ಲಾಘ್ಯವಾದ ಕೆಲಸ. ಇದನ್ನು ಕಲಿಯಬೇಕಾದವರು ಮಗುವಿಗಿಂತ ಮೊದಲು ತಂದೆತಾಯಿಗಳೂ ತರಗತಿಯ ಉಪಾಧ್ಯಾಯರೂ.

ಅಕ್ಷರಗಳೇ ಅದಲುಬದಲಾಗಿ ತೋರುವ ಮಕ್ಕಳ ವಿಷಯದಲ್ಲಿಯಂತೂ ನಮ್ಮ ಭಾಷೆಗೆ ಒದಗಿರುವುದು ಅತ್ಯಲ್ಪ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಿಗಾಗಿ ಮಾಡಿದ ಆಟಗಳಿಂದ ಕಾಗುಣಿತವೂ ಒತ್ತಕ್ಷರವೂ ಉಳ್ಳ ಲಿಪಿಯು ಕೈಗೆ ಹತ್ತುವುದಿಲ್ಲ. ಪ, ವ, ಮಗಳ ಭೇದವನ್ನೂ, ಅಕ್ಷರದ ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ಸೇರುವ ಗುರುತುಗಳ ಕ್ರಮವನ್ನೂ ಮನಸ್ಸಿನಲ್ಲಿಟ್ಟು ರಚಿಸಿದ ಸಾಮಗ್ರಿಯೇ ಬೇಕು. ಮೈಸೂರಿನ ಸಂಸ್ಥೆಯವರೂ ನಮ್ಮ ವಿಶ್ವವಿದ್ಯಾನಿಲಯಗಳ ಭಾಷಾಶಾಸ್ತ್ರಜ್ಞರೂ ಒಟ್ಟಿಗೆ ಕುಳಿತರೆ ಆಗದ ಕೆಲಸವಲ್ಲ.

ಇನ್ನು ಹಣದ ಮಾತು. ಆ್ಯಪು ಉಚಿತ, ಸರಿಯೆ, ಫೋನು ಉಚಿತವೆ? ತಂದೆಯು ಕೂಲಿಗೆ ಹೊರಟರೆ ಫೋನೂ ಅವನೊಡನೆ ಹೊರಡುತ್ತದೆ. ಅದರೊಂದಿಗೆ ಮಗುವಿನ ಮಾತೂ ಸಂಜೆಯವರೆಗೆ ಮನೆಯಿಂದ ಹೊರಟುಹೋಗುತ್ತದೆ. 2016ರ ಕಾಯಿದೆಯ 17ನೆಯ ಪ್ರಕರಣವು ನಿಗದಿತ ಪ್ರಮಾಣದ ವೈಕಲ್ಯವುಳ್ಳ ವಿದ್ಯಾರ್ಥಿಗಳಿಗೆ ಹದಿನೆಂಟು ವರ್ಷ ತುಂಬುವವರೆಗೆ ಪುಸ್ತಕಗಳನ್ನೂ ಕಲಿಕೆಯ ಸಾಮಗ್ರಿಯನ್ನೂ ತಕ್ಕ ಸಹಾಯಕ ಸಾಧನಗಳನ್ನೂ ಬೆಲೆಯಿಲ್ಲದೆ ಒದಗಿಸಬೇಕೆಂದು ವಿಧಿಸಿದೆ. ಮಾತು ಬಾರದ ಮಗುವಿಗೆ ಮಾತಾಗುವ ಯಂತ್ರವು ಸಹಾಯಕ ಸಾಧನವಲ್ಲದಿದ್ದರೆ ಮತ್ತಾವುದು ಸಾಧನ? ಸಮಗ್ರ ಶಿಕ್ಷಾ ಯೋಜನೆಯಲ್ಲಿ ಇಂತಹ ಮಗುವೊಂದಕ್ಕೆ ವರ್ಷಕ್ಕೆ 3,500 ರೂಪಾಯಿಗಳ ಮೊಬಲಗು ಗೊತ್ತಾಗಿದೆ. ಅದರೊಳಗೆ ಗಾಲಿಕುರ್ಚಿಯಿಂದ ಪ್ರಯಾಣಭತ್ಯೆಯವರೆಗೆ ಎಲ್ಲವೂ ಅಡಗಬೇಕು. ಶ್ರವಣಯಂತ್ರಕ್ಕೆ ತೆರಿಗೆಯಿಲ್ಲ, ಅದೇ ಕಿವಿಯ ಕೆಲಸವನ್ನೋ ಕಣ್ಣಿನ ಕೆಲಸವನ್ನೋ ಮಾಡುವ ಫೋನಿನ ಮೇಲೆ 2020ರ ಏಪ್ರಿಲಿನಿಂದ ನೂರಕ್ಕೆ ಹದಿನೆಂಟರಂತೆ ಜಿ. ಎಸ್. ಟಿ. ತೆರಬೇಕು. ಎಲ್ಲರ ಫೋನಿಗೂ ವಿನಾಯಿತಿ ಕೊಡಿರೆಂದು ಯಾರೂ ಕೇಳುತ್ತಿಲ್ಲ. ವೈಕಲ್ಯದ ಗುರುತುಚೀಟಿಯುಳ್ಳ ವಿದ್ಯಾರ್ಥಿಗೆ ಒಂದು ಯಂತ್ರದ ಮೇಲಿನ ತೆರಿಗೆಯನ್ನು ಹಿಂತಿರುಗಿಸುವುದರಿಂದ ಬೊಕ್ಕಸವು ಬರಿದಾಗದು.

ಶಾಲೆಯ ಬಾಗಿಲಿನ ಮಾತೊಂದು ಉಳಿದಿದೆ. ವಿದ್ಯಾರ್ಥಿಗಳು ಶಾಲೆಗೆ ಫೋನು ತರಕೂಡದೆಂಬ ನಿಯಮವು ಅನೇಕ ಕಡೆ ಇದೆ. ಸಾಮಾನ್ಯವಾಗಿ ಅದು ಒಳ್ಳೆಯ ನಿಯಮವೆಂದೇ ನಮ್ಮ ಅಭಿಪ್ರಾಯ. ಕಣ್ಣಿಗೆ ಕನ್ನಡಕ ಹಾಕಿಕೊಂಡವನನ್ನು ಬಾಗಿಲಲ್ಲಿ ತಡೆದು ಕನ್ನಡಕವನ್ನು ಕಸಿದುಕೊಳ್ಳುವ ಮುಖ್ಯೋಪಾಧ್ಯಾಯರು ಎಲ್ಲಿಯೂ ಇಲ್ಲ. ಈ ಮಕ್ಕಳ ಫೋನನ್ನೂ ಅದೇ ದೃಷ್ಟಿಯಿಂದ ನೋಡಬೇಕು. ವರ್ಷವೆಲ್ಲ ಯಂತ್ರದ ಸಹಾಯದಿಂದ ಓದಿ ಬರೆದ ವಿದ್ಯಾರ್ಥಿಯು ಪರೀಕ್ಷೆಯ ದಿನ ಬರಿಗೈಯಲ್ಲಿ ಕುಳಿತರೆ ಪರೀಕ್ಷೆಯಾಗುವುದು ಅವನ ವೈಕಲ್ಯಕ್ಕೇ ಹೊರತು ವಿದ್ಯೆಗಲ್ಲ. 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಬರೆಹಗಾರನ ಸಹಾಯವನ್ನು ಕುರಿತು ತೀರ್ಪಿತ್ತಾಗ ನ್ಯಾಯೋಚಿತವಾದ ಹೊಂದಾಣಿಕೆಯು ಹಕ್ಕೇ ಹೊರತು ಕೃಪೆಯಲ್ಲವೆಂಬುದನ್ನು ಸ್ಪಷ್ಟಪಡಿಸಿತು. ಜಾಲದ ಸಂಪರ್ಕವಿಲ್ಲದ, ಬೇರೆ ಆ್ಯಪುಗಳೆಲ್ಲ ಮುಚ್ಚಿದ ಯಂತ್ರವೊಂದನ್ನು ಪರೀಕ್ಷಾ ಕೊಠಡಿಯಲ್ಲಿ ಇಲಾಖೆಯೇ ಒದಗಿಸಿದರೆ ನಕಲಿನ ಭಯವೂ ಇರದು.

ಈ ಮಕ್ಕಳ ಖಾಸಗಿ ವಿವರಗಳನ್ನು ಕುರಿತೂ ಎಚ್ಚರವು ಬೇಕು. ಮಗುವಿಗೆ ಯಾವ ಕಾಯಿಲೆ, ಅದು ಏನನ್ನು ಕೇಳಿತು, ಎಷ್ಟು ಹೊತ್ತು ಅತ್ತಿತು ಎಂಬುದೆಲ್ಲ ಕಂಪೆನಿಯ ದಫ್ತರಕ್ಕೆ ಸೇರುವಂತಹ ಆ್ಯಪುಗಳೂ ಇರಬಹುದು. 2023ರ ಕಾಯಿದೆಯು ಮಕ್ಕಳ ವಿವರಗಳಿಗೆ ತಂದೆತಾಯಿಗಳ ಸಮ್ಮತಿಯು ಬೇಕೆಂದು ವಿಧಿಸಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಆದರೆ ಇಂಗ್ಲಿಷಿನಲ್ಲಿ ಬರೆದ ಹತ್ತು ಪುಟದ ಷರತ್ತುಗಳ ಕೆಳಗೆ ತಾಯಿಯು ಬೆರಳೊತ್ತಿದರೆ ಅದನ್ನು ಸಮ್ಮತಿಯೆಂದು ಕರೆಯುವುದು ಹೇಗೆ? ಸರ್ಕಾರದವರು ಶಿಫಾರಸು ಮಾಡುವ ಆ್ಯಪುಗಳ ಷರತ್ತುಗಳಾದರೂ ಕನ್ನಡದಲ್ಲಿ, ಒಂದು ಪುಟದಲ್ಲಿ ಇರಲಿ.

ಸೌಲಭ್ಯವನ್ನು ಒದಗಿಸುವುದು ಸರ್ಕಾರದ ಇಚ್ಛೆಗೆ ಬಿಟ್ಟದ್ದೆಂಬ ವಾದಕ್ಕೆ ಈಗ ಎಡೆಯಿಲ್ಲ. ರಾಜೀವ್ ರತೂರಿಯವರ ಮೊಕದ್ದಮೆಯಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು ಸುಗಮ್ಯತೆಯ ನಿಯಮಗಳು ಬರಿಯ ಸಲಹೆಗಳಾಗಿರುವುದು ಕಾಯಿದೆಗೆ ವಿರುದ್ಧವೆಂದು ಹೇಳಿ, ಕಡ್ಡಾಯವಾದ ನಿಯಮಗಳನ್ನು ರಚಿಸಬೇಕೆಂದು ಆಜ್ಞಾಪಿಸಿತು. 2025ರ ಏಪ್ರಿಲ್ 30ರ ಮತ್ತೊಂದು ತೀರ್ಪಿನಲ್ಲಿ ಜಾಲದ ಸೇವೆಗಳನ್ನು ಬಳಸುವ ಅವಕಾಶವು ಜೀವಿಸುವ ಹಕ್ಕಿನಲ್ಲಿಯೇ ಅಡಕವೆಂದು ಸಾರಿತು. ಪಠ್ಯಪುಸ್ತಕವು ಯಂತ್ರಕ್ಕೆ ಓದಬರುವಂತಿರಬೇಕೆಂಬ ನಮ್ಮ ಬೇಡಿಕೆಯು ಈ ತೀರ್ಪುಗಳ ನೆರಳಿನಲ್ಲಿಯೇ ನಿಂತಿದೆ.

ಮುಂದಿನ ಆಯವ್ಯಯದ ಸಿದ್ಧತೆಯ ಕಾಲಕ್ಕೆ ವಿದ್ಯಾಭ್ಯಾಸದ ಸಚಿವರು ಎರಡು ಪ್ರಶ್ನೆಗಳಿಗೆ ಶಾಸನಸಭೆಯಲ್ಲಿ ಉತ್ತರ ಕೊಡಬೇಕೆಂದು ನಾವು ಕೇಳುತ್ತೇವೆ: ಒಂದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗಿನ ಕನ್ನಡ ಪಠ್ಯಪುಸ್ತಕಗಳ ಪೈಕಿ ಯಂತ್ರವು ಓದಬಲ್ಲ ಪ್ರತಿಯುಳ್ಳವು ಎಷ್ಟು, ಸುಪ್ರೀಂ ಕೋರ್ಟಿನ ಪ್ರಮಾಣದಂತೆ ಬೇಕಾದ ವಿಶೇಷ ಶಿಕ್ಷಕರ ಹುದ್ದೆಗಳ ಪೈಕಿ ತುಂಬಿರುವವು ಎಷ್ಟು, ಯಾವ ಯಾವ ತಾಲ್ಲೂಕಿನಲ್ಲಿ. ನಮ್ಮ ಶಾಸನಸಭಾ ಸದಸ್ಯರಲ್ಲಿ ಯಾರಾದರೊಬ್ಬರು ಈ ಪ್ರಶ್ನೆಗಳನ್ನು ಕ್ರಮಪ್ರಕಾರ ಸಲ್ಲಿಸಿದರೆ ದೊರೆತ ಉತ್ತರವನ್ನು ಇದೇ ಅಂಕಣದಲ್ಲಿ ತಾಲ್ಲೂಕುವಾರು ಪ್ರಕಟಿಸುವೆವು.